ಮುನಿರಾಮಯ್ಯನವರ ಮುಖ

ಕಾಫಿಯ ಅರ್ಧ ಗುಟುಕು ಒಳಗೆ ಹೋಗಿ ಉಳಿದರ್ಧ ಬನಿಯನ್ನಿನ ಮೇಲೆ ಇಳಿದಾಗಲೇ ನಾಣಿಗೆ ತನ್ನ ಬಾಯಿ ತನ್ನ ಮಾತು ಕೇಳುತ್ತಿಲ್ಲವೆಂದು ಗೊತ್ತಾದದ್ದು. ಕನ್ನಡಿಯಲ್ಲಿ ನೋಡಿಕೊಂಡರೆ ಮುಖದ ಎಡಭಾಗ ರಜೆ ಹಾಕಿ ಮಲಗಿತ್ತು.

"ಕಿವಿಯ ಹಿಂದೆ ಮೂಳೆಯೊಳಗಿನ ಕಿರಿದಾದ ದಾರಿಯಲ್ಲಿ ಮುಖದ ನರ ಬಾತಿದೆ, ಅಷ್ಟೆ. ಮಾತ್ರೆ ತಗೊಳ್ಳಿ, ಫಿಸಿಯೋಥೆರಪಿ ಮಾಡಿಸಿ. ಹೆದರ್ಬೇಡಿ" ಎಂದರು ಡಾಕ್ಟರು.

ನಾಣಿ ಹೆದರಿದ್ದು ರೋಗಕ್ಕಲ್ಲ, ಮುನಿರಾಮಯ್ಯನವರಿಗೆ.

ವಿಜಯನಗರದಲ್ಲಿ ನಾಣಿಯ ಬೀದಿಯ ಕನ್ನಡ ಸಂಘಕ್ಕೆ ಮುನಿರಾಮಯ್ಯ ಅಧ್ಯಕ್ಷರು. ದಸರೆಯ ಹೊತ್ತಿಗೆ ಅವರಿಗೂ ಇದೇ ಕಾಯಿಲೆ ಬಂದಿತ್ತು. ರಾಜ್ಯೋತ್ಸವದ ದಿನ ಸೊಟ್ಟ ಬಾಯಲ್ಲೇ ಸ್ವಾಗತ ಭಾಷಣ ಮಾಡಿದರು. ಆಮೇಲೆ ಮಿಮಿಕ್ರಿ ಸ್ಪರ್ಧೆ. ವಿಮಾ ಕಚೇರಿಯ ನಾಣಿ ವೇದಿಕೆ ಹತ್ತಿ, ಬಾಯನ್ನು ಒಂದು ಕಡೆಗೆ ಎಳೆದು, ಒಂದೇ ಕಣ್ಣು ಮುಚ್ಚಿ, ಟವೆಲ್ಲಿನಿಂದ ಜೊಲ್ಲು ಒರೆಸಿಕೊಳ್ಳುತ್ತಾ ಭಾಷಣ ಬಿಗಿದ. ಶಾಮಿಯಾನ ಹಾರಿಹೋಗುವಂತೆ ಜನ ನಕ್ಕರು. ಮೊದಲ ಸಾಲಿನಲ್ಲಿದ್ದ ಮುನಿರಾಮಯ್ಯನವರೂ ಅರ್ಧ ಬಾಯಲ್ಲಿ ನಕ್ಕು, ಮೊದಲ ಬಹುಮಾನದ ಕಪ್ಪನ್ನು ತಾವೇ ಕೊಟ್ಟರು. ಎಂಥ ದೊಡ್ಡ ಮನಸ್ಸು ಎಂದು ಬೀದಿಯೆಲ್ಲ ಹೊಗಳಿತು. ಆ ದೊಡ್ಡ ಮನಸ್ಸು ಅಂದಿನಿಂದ ನಾಣಿಯ ಎದೆಯ ಮೇಲೆ ರುಬ್ಬುಗುಂಡಿನಂತೆ ಕೂತಿತ್ತು. ಈಗ ಅದೇ ಬಾಯಿ, ಅದೇ ಕಣ್ಣು ತನಗೂ ಬಂದಿವೆ. ಎದುರಿಗೆ ಸಿಕ್ಕರೆ ಇವನಿನ್ನೂ ಅಣಕಿಸುವುದನ್ನು ಬಿಟ್ಟಿಲ್ಲ ಎಂದುಕೊಳ್ಳುವುದಿಲ್ಲವೇ?

"ಪಕ್ಕದ ರಸ್ತೇಲೇ ಫಿಸಿಯೋಥೆರಪಿ ಇದೆಯಲ್ರೀ" ಎಂದಳು ಹೆಂಡತಿ ಅಂಬುಜಾ.

"ಬೇಡ ಕಣೇ. ಕೆಂಗೇರಿಗೆ ಹೋಗ್ತೀನಿ. ಅಲ್ಲಿ ನನ್ನ ಮುಖ ಗೊತ್ತಿರೋರು ಯಾರೂ ಇಲ್ಲ." ಪ, ಬ, ಮ ಬಂದಾಗಲೆಲ್ಲ ನಾಣಿ ಎರಡು ಬೆರಳಿನಿಂದ ತುಟಿ ಅದುಮಿ ಹಿಡಿಯಬೇಕಾಗಿತ್ತು.

"ಈಗ ನನಗೇ ಗೊತ್ತಾಗ್ತಾ ಇಲ್ಲ, ಬಿಡಿ."

ಮಾಸ್ಕು, ಮಫ್ಲರು, ಕಪ್ಪು ಕನ್ನಡಕ ತೊಟ್ಟು ನಾಣಿ ಅತ್ತಿಗುಪ್ಪೆ ಮೆಟ್ರೋಗೆ ಹೋದ. ತಪಾಸಣೆಯವನು ತಡೆದು ಎಲ್ಲವನ್ನೂ ತೆಗೆಸಿದ. ನಾಣಿಯ ಬಾಯಿ ನೋಡಿ ಅವನು ಮುಖ ಸಿಂಡರಿಸಿದ.

"ಯಾಕ್ ಸಾರ್ ನಗ್ತೀರ? ನಮ್ ಡ್ಯೂಟಿ ನಾವು ಮಾಡ್ತಾ ಇದೀವಿ."

"ನಗ್ತಿಲ್ಲಪ್ಪ. ನನ್ನ ಮುಖವೇ ಹೀಗೆ."

"ಅದನ್ನೂ ನಗ್ತಾನೇ ಹೇಳ್ತಿದೀರಲ್ಲ ಸಾರ್!"

ಕೆಂಗೇರಿಯ ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್ ಕವನಾ ಚುರುಕಾದ ಹುಡುಗಿ. ಮಂಚದ ಮೇಲೆ ಅಕ್ಕಯ್ಯಮ್ಮ ಎಂಬ ಮುದುಕಿ ಮಂಡಿಗೆ ಶಾಖ ಹಾಕಿಸಿಕೊಳ್ಳುತ್ತಿದ್ದಳು. ನಾಣಿ ಮಾಸ್ಕ್ ತೆಗೆದದ್ದೇ, "ಗಾಳಿ ಹೊಡೆದೈತೆ. ಪಾರಿವಾಳದ ರಕ್ತ ಹಚ್ಚಪ್ಪ" ಎಂದಳು.

"ಸುಮ್ನಿರಜ್ಜಿ" ಎಂದ ಕವನಾ, ನಾಣಿಯ ಕೆನ್ನೆಗೆ ಜೆಲ್ ಹಚ್ಚಿ ಗಲ್ಲದಿಂದ ಕಿವಿಯ ಕಡೆಗೆ ತಿಕ್ಕಿದಳು. "ನಮ್ಮ ತಾತನೂ ಇದೇ ಕೇಸು ಸಾರ್, ನಮ್ಮಜ್ಜನ ತಮ್ಮ. ತಾತಾ, ಬನ್ನಿ ಈಚೆಗೆ."

ಪರದೆ ಸರಿಯಿತು. ಮುನಿರಾಮಯ್ಯ ಬಂದರು.

"ಅರೆ, ನಾಣಿ! ನಿಂಗೂ ಬಂತೇನಪ್ಪಾ?"

ಆ ದನಿಯಲ್ಲಿದ್ದದ್ದು ಮರುಕ. ನಾಣಿಗೆ ಅದು ಮುಳ್ಳಿನಂತೆ ಚುಚ್ಚಿತು.

"ಪರಿಚಯದೋರಾ? ಒಳ್ಳೇದೇ ಆಯ್ತು" ಎಂದಳು ಕವನಾ. "ತಾತನಿಗೆ ಬಲಗಡೆ, ನಿಮಗೆ ಎಡಗಡೆ. ಎದುರುಬದುರು ಕೂತ್ರೆ ಕನ್ನಡೀನೇ ಬೇಡ. ಅವರು ಮಾಡ್ತಾರೆ, ನೀವು ನೋಡ್ಕೊಂಡು ಕಾಪಿ ಮಾಡಿ."

"ಕಾಪಿ... ಇವರನ್ನಾ?"

"ಹೂಂ ಸಾರ್. ಹೇಗಿದ್ಯೋ ಹಾಗೇ." ಅಷ್ಟರಲ್ಲಿ ಫೋನು ಬಂತು. ಅವಳು ಹೊರಗಿನ ಕೋಣೆಗೆ ಹೋದಳು.

ಮುನಿರಾಮಯ್ಯ ಹುಬ್ಬು ಏರಿಸಿದರು. ಎಡದ್ದು ಏರಿತು, ಬಲದ್ದು ಕದಲಲಿಲ್ಲ. ನಾಣಿ ನೆಲ ನೋಡಿದ.

"ಮಾಡಪ್ಪ. ನಿನ್ನಂಥ ಕಲಾವಿದನಿಗೆ ಇದೇನು ಮಹಾ? ನಾನು ಮಾಡಿದ ಹಾಗೇ ಮಾಡು. ಈಗ ಸಿಳ್ಳೆ."

ಇಬ್ಬರ ಬಾಯಿಂದಲೂ ಗ್ಯಾಸ್ಕೆಟ್ ಸವೆದ ಕುಕ್ಕರಿನಂತೆ ಬುಸ್ಸೆಂದು ಗಾಳಿ ಬಂತು.

"ಒಳ್ಳೆ ಜೋಡಿ!" ಎಂದಳು ಅಕ್ಕಯ್ಯಮ್ಮ. "ಯಾರನ್ನ ನೋಡಿ ಯಾರು ಕಲಿತಿದ್ದು?"

"ಇವನು ನಮ್ಮ ಬೀದೀಲಿ ಫೇಮಸ್ಸು ಕಣಮ್ಮ. ಅದೇನು ನಕಲು ಮಾಡ್ತಾನೆ ಅಂತೀಯ! ನಾನೇ ಕಪ್ಪು ಕೊಟ್ಟಿದೀನಿ."

ನಾಣಿಗೆ ಇನ್ನು ತಡೆಯಲಾಗಲಿಲ್ಲ. ಕುರ್ಚಿಯಿಂದ ಇಳಿದು ಮುನಿರಾಮಯ್ಯನವರ ಕಾಲು ಹಿಡಿದ. ಮುಚ್ಚದ ಎಡಗಣ್ಣಿನಿಂದ ನೀರು ಸುರಿಯತೊಡಗಿತು. ಬಾಯಿ ಮಾತ್ರ ಬಲಕ್ಕೆ ಜಗ್ಗಿ ಕಿಸಿಯಿತು.

"ಅಯ್ಯೋ, ಕಾಲು ಹಿಡ್ಕೊಂಡು ಹಲ್ಲು ಬಿಡ್ತಾನಲ್ಲ ಇವನು!" ಎಂದಳು ಅಕ್ಕಯ್ಯಮ್ಮ.

"ಅಳ್ತಿದೀನಮ್ಮ!" ಎಂದ ನಾಣಿ, ತುಟಿ ಅದುಮಿ ಹಿಡಿದು ಮುಂದುವರಿಸಿದ. "ಮುನಿರಾಮಯ್ಯನೋರೆ, ಚುಚ್ಚಿದ್ದು ಸಾಕು. ತಪ್ಪಾಯ್ತು. ಅವತ್ತು ಸ್ಟೇಜ್ ಮೇಲೆ ನಾನು ನಿಮ್ಮನ್ನ ಆಡ್ಕೋಬಾರ್ದಿತ್ತು."

"ನನ್ನನ್ನಾ?"

"ಹೂಂ. ನಿಮ್ಮ ಬಾಯಿ, ನಿಮ್ಮ ಕಣ್ಣು, ನಿಮ್ಮ ಭಾಷಣ... ಎಲ್ಲ ಗೊತ್ತಿದ್ರೂ ನಕ್ಕು ಕಪ್ಪು ಕೊಟ್ರಿ. ನನಗೆ ನಿದ್ದೆ ಇಲ್ಲ."

ಮುನಿರಾಮಯ್ಯ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು.

"ಅದು ದುಂಡೇಶ ಅಲ್ವಾ?"

"ಯಾರಪ್ಪ ದುಂಡೇಶ?" ಅಕ್ಕಯ್ಯಮ್ಮ ಮಂಡಿಯ ಶಾಖವನ್ನು ಪಕ್ಕಕ್ಕೆ ಸರಿಸಿ ಎದ್ದು ಕೂತಳು.

"ನನ್ನ ಬಾಮೈದ ಕಣಮ್ಮ. ಯಾವಾಗ್ಲೂ ಒಂದು ದವಡೇಲಿ ಎಲೆಅಡಿಕೆ ಒತ್ಕೊಂಡೇ ಮಾತಾಡ್ತಾನೆ. ಅವನನ್ನೇ ಮಾಡಿದ್ದು ಅಂದ್ಕೊಂಡು ಹೊಟ್ಟೆ ಹಿಡ್ಕೊಂಡು ನಕ್ಕೆ. ಬ್ಯಾಡರಹಳ್ಳಿ ಗೃಹಪ್ರವೇಶದಲ್ಲಿ ನೆಂಟರ ಮುಂದೆಲ್ಲ ಅವನಿಗೇ ಹೇಳಿ ನಗಾಡ್ದೆ. 'ಭಾವ, ಅದು ನಾನಲ್ಲ, ನೀವು' ಅಂದ. ಸುಳ್ಳ ಅಂತ ಬೈದು ಊಟದ ಎಲೆ ಮುಂದಿಂದ ಎಬ್ಬಿಸಿ ಕಳಿಸ್ದೆ. ಅವತ್ತಿಂದ ನನ್ನ ಹೆಂಡ್ತಿ ನನ್ನ ಹತ್ರ ಮಾತಾಡ್ತಿಲ್ಲ."

ಇಡೀ ಬೀದಿಯಲ್ಲಿ ವಿಷಯ ಗೊತ್ತಿಲ್ಲದಿದ್ದ ಒಬ್ಬನೇ ಒಬ್ಬ ಮನುಷ್ಯನನ್ನು ಹುಡುಕಿಕೊಂಡು ಕೆಂಗೇರಿಗೆ ಬಂದು ತಾನೇ ಹೇಳಿದ್ದಾಯಿತು ಎಂದು ನಾಣಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಹಿಡಿದ ಕಾಲನ್ನು ಮೆಲ್ಲಗೆ ಬಿಟ್ಟ.

"ಹಾಗಾದ್ರೆ ಅವತ್ತು ಅಷ್ಟೂ ಜನ ನಕ್ಕಿದ್ದು..." ಮುನಿರಾಮಯ್ಯ ಮಾತು ನಿಲ್ಲಿಸಿದರು.

ಅವರ ಎಡ ಹುಬ್ಬು ಗಂಟಿಕ್ಕಿತು. ಆಮೇಲೆ, ದಸರೆಯಿಂದ ಮಲಗಿದ್ದ ಬಲ ಹುಬ್ಬೂ ಅಲುಗಿ, ಎದ್ದು, ಅದರ ಪಕ್ಕಕ್ಕೆ ಬಂದು ನಿಂತಿತು. ಮೂಗಿನ ಹೊಳ್ಳೆಗಳೆರಡೂ ಅರಳಿದವು. ತುಟಿ ಗೆರೆ ಎಳೆದಂತೆ ನೆಟ್ಟಗಾಯಿತು.

ಫೋನು ಮುಗಿಸಿ ಬಂದ ಕವನಾ ಬಾಗಿಲಲ್ಲೇ ಕಿರುಚಿದಳು. "ತಾತಾ! ಅಲ್ಲಾಡ್ಬೇಡಿ, ಹಾಗೇ ಇರಿ! ಎರಡೂ ಕಡೆ ಬಂತು!" ಚಪ್ಪಾಳೆ ತಟ್ಟಿ ನಾಣಿಯ ಕಡೆ ತಿರುಗಿದಳು. "ಸಾರ್, ಅದೇನು ಹೇಳಿದ್ರೋ ಗೊತ್ತಿಲ್ಲ. ದಿನಾ ಬಂದು ಅದನ್ನೇ ಹೇಳಿ. ಈಗ ಕೂತ್ಕೊಳ್ಳಿ, ತಾತನ ಮುಖ ಹೇಗಿದ್ಯೋ ಹಾಗೇ ಮಾಡಿ."

ಮುನಿರಾಮಯ್ಯ ಮುಖ ಸಡಿಲಿಸದೆ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು.

"ಹೂಂ," ಎಂದರು. "ಮಾಡು."