ನೋಯಲಾರದ ಮೊಣಕಾಲು

ಕುಕನೂರಿನ ಗವಿಸಿದ್ದಪ್ಪನ ಬಲ ಮೊಣಕಾಲು ಬದಲಿಸಿ ಒಂದು ದಿನವಾಗಿತ್ತು. ಎಲ್ಲ ತಾಪತ್ರಯಕ್ಕೂ ಕಾರಣ ಒಂದೇ: ಅದು ಒಂಚೂರೂ ನೋಯುತ್ತಿರಲಿಲ್ಲ.

ಕೊಪ್ಪಳದ ಆಸ್ಪತ್ರೆಯ ಡಾಕ್ಟರು ಅವನ ತೊಡೆಯೊಳಗೆ ದಾರದಷ್ಟು ಸಣ್ಣ ನಳಿಗೆ ಇಟ್ಟಿದ್ದರು. ಮೊಣಕಾಲಿನ ನೋವನ್ನು ಒಯ್ಯುವ ನರಕ್ಕೆ ಅದರಿಂದ ಹನಿ ಹನಿ ಔಷಧ ಇಳಿಯುತ್ತಿತ್ತು. 'ನರ್ವ್ ಬ್ಲಾಕ್' ಅಂದಿದ್ದರು. ಬೆಳಿಗ್ಗೆ ವಾಕರ್ ಹಿಡಿದು ಹತ್ತು ಹೆಜ್ಜೆ ನಡೆದದ್ದನ್ನು ನೋಡಿ, "ನಾಳೆ ಮನೀಗೆ ಹೋಗ್ರಿ" ಎಂದಿದ್ದರು. ಗವಿಸಿದ್ದಪ್ಪನಿಗೆ ಬೇಕಾದದ್ದೂ ಅದೇ. ಮನೆಯ ಎಮ್ಮೆ ಇಂದೋ ನಾಳೆಯೋ ಈಯುವುದಿತ್ತು. ಬೆಲ್ಲ, ಏಲಕ್ಕಿ ಹಾಕಿದ ಗಿಣ್ಣವೆಂದರೆ ಅವನಿಗೆ ಪ್ರಾಣ. ತಿಂಗಳುಗಟ್ಟಲೆ ಆ ಎಮ್ಮೆಯ ಹೊಟ್ಟೆ ನೋಡಿ ನೋಡಿ ಬಾಯಲ್ಲಿ ನೀರೂರಿಸಿಕೊಂಡಿದ್ದ.

ಹನ್ನೊಂದಕ್ಕೆ ಓಣಿಯ ಮಂದಿ ಟಂಟಂ ಆಟೋ ತುಂಬ ಬಂದಿಳಿದರು. ಕೈಯಲ್ಲಿ ಬ್ರೆಡ್ಡು, ಕಣ್ಣಂಚಿನಲ್ಲಿ ನೀರು. ಒಳಗೆ ಬಂದರೆ ಗವಿಸಿದ್ದಪ್ಪ ಒಗ್ಗರಣೆ ಹಾಕಿದ ಮಂಡಾಳು ಮೆಲ್ಲುತ್ತ ನಗುತ್ತಿದ್ದ.

ಪಕ್ಕದ ಮನೆಯ ಹೊಳಿಯಮ್ಮನಿಗೆ ಅವಮಾನವೇ ಆಯಿತು. "ಏನ್ ಯಣ್ಣಾ, ನಗಾಕ್ಹತ್ತೀಯಲ್ಲ? ನಾವು ಕೆಲಸ ಬಿಟ್ಟು ಬಂದೀವಿ."

"ನೋವೇ ಇಲ್ಲವ್ವಾ, ನಾ ಏನ್ ಮಾಡ್ಲಿ?"

ಹಿಂದೊಮ್ಮೆ ಕಾಲು ಮುರಿದುಕೊಂಡಿದ್ದ ಜಿಲಾನಸಾಬ ತಲೆ ಆಡಿಸಿದ. "ನಾ ಒದರಿದ್ದು ಬಸ್ ಸ್ಟ್ಯಾಂಡ್ ತನಕ ಕೇಳಿಸಿತ್ತು. ನೋವಿಲ್ಲದ ಆಪರೇಷನ್ ಎಲ್ಲಿ ಐತಿ? ಕೊಯ್ದ ಇಲ್ಲ, ಬರೇ ಪಟ್ಟಿ ಸುತ್ಯಾರ."

"ಇಲ್ಲಾಂದ್ರ ನರಾನ ಸತ್ತಿರಬೇಕು," ಎಂದು ಹೊಳಿಯಮ್ಮ ಕಾಲಿನ ಹೆಬ್ಬೆರಳು ಚಿವುಟಿದಳು. ಗವಿಸಿದ್ದಪ್ಪನ ಹೆಂಡತಿ ದುರುಗವ್ವ ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು. ಎಲುಬು ಕಟ್ಟುವವನಿಗೆ ಯಾರೋ ಫೋನ್ ಹಚ್ಚಿದರು. ಜಿಲಾನಸಾಬ, "ಪಟ್ಟಿ ಬಿಚ್ಚಿ ನೋಡೇ ಬಿಡೋಣು" ಎಂದು ಅಂಗಿಯ ತೋಳು ಮಡಚಿದ.

ಗವಿಸಿದ್ದಪ್ಪನ ಜೀವ ಬಾಯಿಗೆ ಬಂತು. ಬೇರೆ ದಾರಿ ಕಾಣದೆ, "ಅಯ್ಯೋ ಯವ್ವಾ, ಸತ್ನೆಪ್ಪೋ!" ಎಂದು ಒದರಿದ.

ಎಲ್ಲರ ಮುಖ ಅರಳಿತು. "ಹಾಂ, ಈಗ ಛಲೋ ಆತು ನೋಡ್ರಿ!" ಎಂದು ಜಿಲಾನಸಾಬ ತೋಳು ಇಳಿಸಿದ. ಇಷ್ಟು ಮರ್ಯಾದೆ ಸಿಕ್ಕ ಮೇಲೆ ಗವಿಸಿದ್ದಪ್ಪ ಸುಮ್ಮನಿರುತ್ತಾನೆಯೇ? ಇನ್ನೆರಡು ಸಲ ಒದರಿದ, ಹಲ್ಲು ಕಡಿದ, ಕಣ್ಣು ಮೇಲೆ ಮಾಡಿದ.

ನರ್ಸ್ ಗೀತಾ ಓಡಿ ಬಂದಳು. "ನೋವು ಹತ್ತಕ್ಕ ಎಷ್ಟೈತ್ರಿ ಅಜ್ಜಾರ?"

"ಹನ್ನೊಂದು!" ಎಂದು ಓಣಿಯೆಲ್ಲ ಒಕ್ಕೊರಲಿನಿಂದ ಉತ್ತರಿಸಿತು.

ಗೀತಾ ಡಾಕ್ಟರಿಗೆ ಫೋನ್ ಮಾಡಿ ಬಂದಳು. "ನಳಿಗಿ ಸರದಿರಬೇಕಂತ. ಸಂಜಿಗೆ ಮತ್ತ ಒಳಗ ಒಯ್ದು ಸೂಜಿ ಚುಚ್ಚಿ ಕೂಡಸ್ತಾರಂತ. ಅಲ್ಲಿತನಕ ಬಾಯಿಗೆ ಏನೂ ಹಾಕಂಗಿಲ್ಲ." ಮಂಡಾಳಿನ ತಟ್ಟೆ ಎತ್ತಿಕೊಂಡಳು.

"ಸಿಸ್ಟರ್, ನಾ ನಾಟಕ ಮಾಡೀನ್ರಿ! ಖರೇನ ನೋವಿಲ್ಲ!"

"ಸೂಜಿ ಅಂದಕೂಡ್ಲೆ ಎಲ್ಲಾರೂ ಹಿಂಗ ಅಂತಾರ್ರಿ."

"ನಾವು ಕಣ್ಣಾರೆ ನೋಡೇವಿ," ಎಂದು ಹೊಳಿಯಮ್ಮ ಸಾಕ್ಷಿ ಹೇಳಿದಳು. ಮಂಚಕ್ಕೆ 'ಆಹಾರ ಕೊಡಬಾರದು' ಎಂಬ ಹಲಗೆ ತೂಗಿತು.

ಅಷ್ಟರಲ್ಲಿ ಎಮ್ಮೆ ಕಾಯಲು ಮನೆಯಲ್ಲಿ ಬಿಟ್ಟಿದ್ದ ದುರುಗವ್ವನ ತಮ್ಮ ಕಳಕೇಶ, ಕೈಯಲ್ಲೊಂದು ದೊಡ್ಡ ಡಬ್ಬಿ ಹಿಡಿದು ಕುಣಿಯುತ್ತ ಬಂದ.

"ಮಾವಾ! ಎಮ್ಮಿ ನಿನ್ನೆ ಸಂಜೀಗೇ ಈತು, ಹೆಣ್ಣು ಕರ! ನಾನ ಮೊದ್ಲ ಹೇಳಬೇಕಂತ ಓಣ್ಯಾಗ ಯಾರಿಗೂ ಸುದ್ದಿ ಬಿಟ್ಟಿಲ್ಲ. ನಿಮ್ಮ ಜೀವ ಅದರಾಗ ಐತೆಂತ ಇದ್ದ ಗಿಣ್ಣೆಲ್ಲಾ ತಂದುಬಿಟ್ಟೆ."

ಮುಚ್ಚಳ ತೆಗೆದ. ಏಲಕ್ಕಿಯ ಘಮ ವಾರ್ಡೆಲ್ಲ ಹರಡಿತು. ಗವಿಸಿದ್ದಪ್ಪ ಚಾಚಿದ ಕೈಯನ್ನು ಗೀತಾ ನಡುವೆಯೇ ಹಿಡಿದು ಹಲಗೆ ತೋರಿಸಿದಳು.

"ನಾಳಿಗೆ ಒಂದೇ ಒಂದು ತುಣುಕರ ಇಡ್ರೆವ್ವಾ," ಎಂದು ಅವನು ಅಂಗಲಾಚಿದ.

"ಈ ಬಿಸಲಾಗ ಎಲ್ಲಿ ಉಳಿತೈತಿ ಯಣ್ಣಾ? ಹುಳಿ ಬರತೈತಿ." ಹೊಳಿಯಮ್ಮ ಆಗಲೇ ಬ್ರೆಡ್ಡು ಸುತ್ತಿದ್ದ ಹಾಳೆ ಹರವಿ ಪಾಲು ಹಾಕುತ್ತಿದ್ದಳು. ಓಣಿ ಮಂಚದ ಸುತ್ತ ಕೂತು ತಿಂದಿತು. ಕಡೆಯ ತುಣುಕು ಜಿಲಾನಸಾಬನ ಬಾಯಿ ಸೇರಿದಾಗ ಗವಿಸಿದ್ದಪ್ಪನ ಕರುಳಿನಿಂದ ಒಂದು ನರಳಿಕೆ ಬಂತು. ಅದರಲ್ಲಿ ನಾಟಕ ಇರಲಿಲ್ಲ.

ಹೊಳಿಯಮ್ಮ ಬೆರಳು ನೆಕ್ಕುತ್ತ ಕಣ್ಣೊರೆಸಿಕೊಂಡಳು. "ಪಾಪ, ಭಾಳ ನೋಯಾಕ್ಹತ್ತೈತಿ. ಲಗೂನ ಡಬ್ಬಿ ತೊಳಿರಿ, ಅಣ್ಣ ಮಲಕ್ಕೊಳ್ಳಲಿ."