ಮಾವನ ಬಂದೂಕಿಗೆ ನಾನು ಹೆಸರು ಹಾಕಿದ್ದು

ಮದುವೆಯಾದ ಹೊಸತರಲ್ಲಿ ನನ್ನ ಮಾವ ಯಂಕೋಬಪ್ಪನವರನ್ನು ಕಂಡರೆ ನಾನು ಗಡಗಡ ನಡುಗುತ್ತಿದ್ದೆ. ಕಾರಣ, ಅವರ ಬಂದೂಕಿನ ಮೇಲಿದ್ದ ಅಂಕಿ!

ಮಸ್ಕಿ ಹತ್ತಿರದ ಅವರ ಊರಿಗೆ ಮೊದಲ ಸಲ ಹೋದಾಗ ಮಾವ ಪಡಸಾಲೆಯಲ್ಲಿ ಕೂತು, ಹೊಲಕ್ಕೆ ನುಗ್ಗುವ ಹಂದಿ ಬೆದರಿಸಲೆಂದು ಲೈಸೆನ್ಸ್ ಪಡೆದ ಹಳೇ ಬಂದೂಕನ್ನು ತೊಡೆಯ ಮೇಲೆ ಮಲಗಿಸಿಕೊಂಡು ಒರೆಸುತ್ತಿದ್ದರು. ಕಬ್ಬಿಣಕ್ಕೆ ಮೆತ್ತಿದ ಕುಂಕುಮದ ಸಂದಿನಿಂದ ಒಂದು ಒಂಬತ್ತು, ಅದರ ಪಕ್ಕ ಎರಡು ಸೊನ್ನೆ ಇಣುಕುತ್ತಿದ್ದವು. ಇದುವರೆಗೆ ಉರುಳಿಸಿದ ಹಂದಿಗಳ ಲೆಕ್ಕ ಎಂದುಕೊಂಡೆ. ಒಂಬೈನೂರು ಹಂದಿ! ನನಗೆ ಪುಂಡಿಪಲ್ಯ ಸೇರುವುದಿಲ್ಲ. ಆ ದಿನ ಮಾವನ ಎದುರು ಅದನ್ನೇ ಮರು ಮಾತಿಲ್ಲದೆ ಮತ್ತೆ ಮತ್ತೆ ಹಾಕಿಸಿಕೊಂಡು ತಿಂದೆ.

ಸಿಂಧನೂರಿಗೆ ವಾಪಸಾದ ಮೇಲೆ ಹೆಂಡತಿ ಮಹೇಶ್ವರಿಗೆ ಈ ಭಯ ಹೇಳಿಕೊಂಡೆ. ಅವಳು ನಕ್ಕು ನಕ್ಕು ನೆಲಕ್ಕೆ ಕೂತಳು.

"ಅಯ್ಯ, ಅದು ಬಂದೂಕಿನ ನಂಬರ್ರೀ! ನಿಮ್ಮ ಗಾಡಿಗೆ ಚಾಸಿ ನಂಬರ ಇರತೈತಲ್ಲ, ಹಂಗ. ತಯಾರ ಮಾಡಿದೋರು ಹೊಡದಿರ್ತಾರ. ನಾಳೆ ಕಳುವಾತು, ಯಾರರ ಏನರ ಅನಾಹುತ ಮಾಡಿದ್ರು ಅಂದ್ರ, ಯಾರ ಬಂದೂಕು ಅಂತ ಪೊಲೀಸ್ರು ಹುಡುಕಬೇಕಲ್ಲ!"

"ಹಂಗಾದ್ರ ನಿಮ್ಮಪ್ಪ ಎಷ್ಟು ಹಂದಿ ಹೊಡದಾನ?"

"ಧೈರ್ಯ ಇದ್ರ ನೀವ ಕೇಳ್ರಿ!"

ಇರಲಿಲ್ಲ. ಕೇಳಲಿಲ್ಲ.

ಹಾಗೆಂದು ನನ್ನನ್ನು ಸಾಮಾನ್ಯ ಮನುಷ್ಯ ಎಂದುಕೊಳ್ಳಬೇಡಿ. ಸಿಂಧನೂರಿನ ಖಾದರಬಾಷಾ ಸಾಹುಕಾರರ ಸ್ಟೀಲ್ ಪಾತ್ರೆ ಅಂಗಡಿಯಲ್ಲಿ ಪಾತ್ರೆಗಳ ಮೇಲೆ ಹೆಸರು ಹಾಕುವ ಪವನ ನಾನೇ! ಜುಂಯ್ ಎನ್ನುವ ಮಷೀನು ಕೈಗೆ ಬಂತೆಂದರೆ ಸ್ಟೀಲು ಬೆಣ್ಣೆ. ಲಿಂಗಸುಗೂರಿನ ಮದುವೆಗಳಿಗೆ ಹೋಗುವ ಕೊಡಪಾನ, ಆರ್.ಎಚ್. ಕ್ಯಾಂಪಿನಲ್ಲಿ ನೆಲೆಸಿದ ಬಂಗಾಲಿ ನಿರಾಶ್ರಿತರ ಮನೆಗಳ ಅನ್ನದ ಡಬರಿ, ಹಟ್ಟಿ ಗಣಿಯ ಪಾಳಿಯವರ ಟಿಫಿನ್ ಡಬ್ಬಿ, ಎಲ್ಲದರ ಮೇಲೂ ನನ್ನದೇ ಅಕ್ಷರ. ಪಾಳಿ ಬಿಟ್ಟಾಗ ಒಬ್ಬನ ಡಬ್ಬಿ ಇನ್ನೊಬ್ಬನ ಮನೆ ಸೇರದೆ ಅಲ್ಲಿನ ಸಂಸಾರಗಳು ಸುಖವಾಗಿದ್ದರೆ ಅದರ ಪುಣ್ಯ ನನಗೆ ಬರಬೇಕು! ಗಿರಾಕಿಗಳಿಗೆ ನಾನು ಹೇಳುವ ಮಾತೂ ಒಂದೇ: "ಪಾತ್ರಿ ಸವದ ಹೋದ್ರೂ ಹೆಸರು ಹೋಗಂಗಿಲ್ರಿ. ಗ್ಯಾರಂಟಿ!"

ಈ ಗ್ಯಾರಂಟಿಯೇ ಮುಂದೆ ನನ್ನ ಕುತ್ತಿಗೆಗೆ ಬಂತು.

ಚುನಾವಣೆ ಘೋಷಣೆಯಾಯಿತು. ಲೈಸೆನ್ಸಿನ ಬಂದೂಕುಗಳನ್ನು ಠಾಣೆಗೆ ತಂದಿಡಿ ಎಂದು ಆದೇಶ ಬಂತು. ಆ ಭಾನುವಾರ ನಾವಿಬ್ಬರೂ ಮಾವನ ಊರಿಗೆ ಹೋದಾಗ ಅವರು ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದರು.

"ನಂಬರ ಕಾಣವಲ್ದು ಅಳಿಯಂದ್ರ. ಹೋದ ಸಲನ ಠಾಣ್ಯಾಗ ಜಮಾದಾರ ಗೊಣಗಿದ್ದ. ಈ ಸಲ ಲೈಸನ್ಸಿನ ನಂಬರಿಗೂ ಬಂದೂಕಿನ ನಂಬರಿಗೂ ಕೂಡ್ಲಿಲ್ಲಂದ್ರ ವಾಪಸ್ ಕೊಡಂಗಿಲ್ಲ ಅಂದಾನ. ಬಂದೂಕು ಹೋತಂದ್ರ ಶೇಂಗಾ ಹೊಲ ಪೂರಾ ಹಂದಿ ಪಾಲು!"

ನೋಡಿದೆ. ವರ್ಷವರ್ಷದ ಆಯುಧಪೂಜೆಯ ವಿಭೂತಿ, ಕುಂಕುಮ, ಎಣ್ಣೆ ಸೇರಿ ನಂಬರಿದ್ದ ಜಾಗದಲ್ಲಿ ಸಣ್ಣ ಗುಡ್ಡವೇ ಬೆಳೆದಿತ್ತು. ನಾನು ಕಂಡಿದ್ದ ಒಂಬೈನೂರೂ ಅದರಡಿ ಸಮಾಧಿಯಾಗಿತ್ತು. ದೇವರ ಕುಂಕುಮ ಕೆರೆಯಬಾರದು ಎಂಬುದು ಮಾವನ ಮನೆಯ ಕಾನೂನು. ನಾನು ಡಾಕ್ಟರರ ಗತ್ತಿನಲ್ಲಿ ಬೆರಳಿನಿಂದ ತಟ್ಟಿ, "ನಂಬರ ಒಳಗ ಸವದ ಹೋಗೈತ್ರಿ" ಎಂದು ಘೋಷಿಸಿದೆ. ಮಾವ ನಿಟ್ಟುಸಿರು ಬಿಟ್ಟು ಸ್ನಾನಕ್ಕೆ ಎದ್ದರು.

ಆ ನಿಟ್ಟುಸಿರು ನನ್ನೊಳಗಿನ ವೀರನನ್ನು ಎಬ್ಬಿಸಿತು! ಈ ಮನೆಯ ಶೇಂಗಾ ಉಳಿಸುವವನು ನಾನೇ!

"ಮಷೀನು ಬ್ಯಾಗಿನ್ಯಾಗ ಐತಿ. ಲೈಸನ್ಸ ನೋಡಿ ಹೊಸದಾಗಿ ನಂಬರ ಹಾಕಿಬಿಡ್ತೀನಿ. ಜಮಾದಾರ ಚಷ್ಮಾ ಇಲ್ಲದ ಓದಬೇಕು, ಹಂಗ!" ಎಂದೆ.

ಮಹೇಶ್ವರಿ ಅಡುಗೆಮನೆಯಿಂದಲೇ ಕೂಗಿದಳು. "ಸುಮ್ನ ಕುಂದರ್ರಿ! ಅದು ಕೊಡಪಾನ ಅಲ್ಲ."

"ಕೊಡಪಾನಾದ್ರೇನು, ಬಂದೂಕಾದ್ರೇನು? ಎರಡೂ ಲೋಹನ!"

ತೋಟಾಗಳು ಟ್ರಂಕಿನಲ್ಲಿ ಭದ್ರವಾಗಿದ್ದವು, ಆದ್ದರಿಂದ ಧೈರ್ಯವೂ ಭದ್ರವಾಗಿತ್ತು. ಕುಂಕುಮದ ಗುಡ್ಡದ ಪಕ್ಕ ಖಾಲಿ ಕಬ್ಬಿಣ ಹುಡುಕಿ ಮಷೀನು ಇಟ್ಟೆ. ಜುಂಯ್!

ಇಲ್ಲೊಂದು ವಿಷಯ ಹೇಳಬೇಕು. ನನ್ನ ಕೈಗೆ ನನಗಿಂತ ಹೆಚ್ಚು ಅನುಭವ. ಮೊದಲು ಹೂವು ಬಿಡಿಸದೆ ಅದು ಎಂದೂ ಕೆಲಸ ಶುರು ಮಾಡಿದ್ದಿಲ್ಲ. ಹೂವು ಅರಳಿತು. ಹೂವಾದ ಮೇಲೆ ಶುಭ ಹಾರೈಕೆ, ಆಮೇಲೆ ಪಡೆಯುವವರ ಹೆಸರು, ಕೊಡುವವರ ಹೆಸರು, ಊರು. ನಾನು ಮನಸ್ಸಿನಲ್ಲಿ ಮಾವನ ಮೆಚ್ಚುಗೆಯ ಮಾತು ಕೇಳಿಸಿಕೊಳ್ಳುತ್ತ ಕೂತಿದ್ದೆ, ಕೈ ತನ್ನ ಪಾಡಿಗೆ ದುಡಿಯಿತು. ಎಚ್ಚರವಾದಾಗ ಬಂದೂಕಿನ ಮೇಲೆ ಮುತ್ತಿನಂಥ ಅಕ್ಷರಗಳಲ್ಲಿ ಹೀಗಿತ್ತು:

"ಶುಭ ವಿವಾಹ. ಯಂಕೋಬಪ್ಪನವರಿಗೆ ಪ್ರೀತಿಯ ಕಾಣಿಕೆ. ಅಳಿಯ ಪವನ, ಸಿಂಧನೂರು."

ನಂಬರಿಗೆ ಜಾಗವೇ ಉಳಿದಿರಲಿಲ್ಲ!

ಚಹಾ ತಂದ ಮಹೇಶ್ವರಿ ಓದಿದಳು. "ಇದೇನ್ರೀ! ನಮ್ಮಪ್ಪಗ ಇನ್ನೊಂದು ಮದಿವಿ ಮಾಡಿಸೀರೇನು?"

"ಕೈ ಜಾರ್ತು. ತಡಿ, ಉಜ್ಜಿಬಿಡ್ತೀನಿ."

"ಮುಟ್ಟಬ್ಯಾಡ್ರಿ! ಬಂದೂಕಿನ ನಂಬರ ಕೆರದ್ರ ಜೇಲು. ಹೂವು ಉಜ್ಜಾಕ ಹೋಗಿ ನೀವು ನಂಬರನ ಉಜ್ಜೋರು!"

ಕೊನೆಗೆ ಗೋಡೆಯ ಗೂಡಿನಲ್ಲಿದ್ದ ಕಪ್ಪು ಬೂಟ್ ಪಾಲಿಶ್ ಕಾಪಾಡಿತು. ಹೂವಿಗೂ ಹಾರೈಕೆಗೂ ದಪ್ಪಗೆ ಬಳಿದೆ. ಸ್ನಾನ ಮುಗಿಸಿ ಬಂದ ಮಾವನಿಗೆ ಚಷ್ಮಾ ಇರಲಿಲ್ಲ. "ಮಿಂಚಾಕತ್ತೈತಲ್ಲ ಅಳಿಯಂದ್ರ!" ಎಂದು ಬೆನ್ನು ತಟ್ಟಿದರು. ಮಹೇಶ್ವರಿ ಸೆರಗು ಬಾಯಿಗೆ ತುರುಕಿಕೊಂಡು ಒಳಗೆ ಓಡಿದಳು.

ಬೈಕಿನಲ್ಲಿ ಠಾಣೆಗೆ ಹೊರಟೆವು. ಹಳೇ ಧೋತರದಲ್ಲಿ ಸುತ್ತಿದ ಬಂದೂಕು ಹಿಡಿದು ಮಾವ ಹಿಂದೆ ಕೂತಿದ್ದರು. ತಗ್ಗು ಬಂದಾಗಲೆಲ್ಲ ನಳಿಗೆ ನನ್ನ ಬೆನ್ನಿಗೆ ತಾಗಿ, ಮಾಡಿದ ಕೆಲಸ ನೆನಪಿಸುತ್ತಿತ್ತು.

ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಅಲ್ಲಾಭಕ್ಷ್ ಬಂದೂಕನ್ನು ಬೆಳಕಿಗೆ ಹಿಡಿದು ನೋಡಿದರು. ಸೀಮೆಎಣ್ಣೆ ಶೀಸೆ, ಅರಿವೆ ತೆಗೆದರು.

"ಜಮಾದಾರ್ರ, ಅದು ದೇವ್ರ ಕುಂಕುಮರೀ!" ಎಂದರು ಮಾವ.

"ದೇವ್ರು ಮಾಫ್ ಮಾಡ್ತಾನ ಅಜ್ಜ. ನಮ್ಮ ಸಾಹೇಬ್ರು ಮಾಡಂಗಿಲ್ಲ."

ತಿಕ್ಕಿದರು. ಗುಡ್ಡ ಕರಗಿತು. ಅದರಡಿಯಿಂದ, ನಿನ್ನೆ ಹೊಡೆದಂತೆ, ನಂಬರು ಎದ್ದು ಬಂತು! ಒಂದಂಕಿಯೂ ಸವೆದಿರಲಿಲ್ಲ. ಲೈಸೆನ್ಸಿನ ನಂಬರಿಗೆ ಸರಿಯಾಗಿ ಕೂಡಿತು. ಮಾವನ ಮುಖದಲ್ಲಿ ಶೇಂಗಾ ಹೊಲ ನಳನಳಿಸಿತು.

ನಾನು ತಕ್ಷಣ ಎದ್ದೆ. "ಹಂಗಾದ್ರ ಬರ್ತೀವ್ರಿ ಸರ್!"

"ಕುಂದ್ರೋ," ಎಂದರು ಅಲ್ಲಾಭಕ್ಷ್. "ಇಲ್ಲೇನೋ ಕರ್ರಗ ಬಳದೈತಿ."

ಅರಿವೆ ಮುಂದೆ ಸರಿಯಿತು. ಒಂದೊಂದೇ ಎಸಳು ತೆರೆದು ಹೂವು ಅರಳಿತು. ಅವರು ಠಾಣೆಗೆಲ್ಲ ಕೇಳುವಂತೆ ಓದಿದರು. "ಶುಭ ವಿವಾಹ... ಅಜ್ಜ, ಈ ವಯಸ್ಸಿನ್ಯಾಗ?"

ಮಾವ ಬಾಗಿ ಬಂದೂಕಿಗೆ ಮೂಗು ತಾಗಿಸಿ ನೋಡಿದರು.

"ಅಳಿಯ ಪವನ, ಸಿಂಧನೂರು ಅಂದ್ರ ಯಾರಪಾ?"

ಪೊಲೀಸ್ ಇಲಾಖೆಗೆ ಇಷ್ಟು ಸುಲಭವಾಗಿ ಸಿಕ್ಕ ಅಪರಾಧಿ ಇನ್ನೊಬ್ಬನಿರಲಿಕ್ಕಿಲ್ಲ. ಹೆಸರು, ನಂಟು, ಊರು, ಮೂರನ್ನೂ ಸ್ವಂತ ಕೈಯಿಂದ ಬರೆದುಕೊಟ್ಟಿದ್ದೆ!

"ಕಾಣಿಕಿ ಅಂತ ಬಂದೂಕು ಕೊಡ್ತೀಯೇನಲೇ? ಎಲ್ಲಿಂದ ತಂದಿ?"

"ನಾ... ಪಾತ್ರಿ ಅಂಗಡ್ಯಾಗ..."

"ಪಾತ್ರಿ ಅಂಗಡ್ಯಾಗ ಬಂದೂಕು ಮಾರ್ತಾರ?!" ಅವರು ಫೋನಿಗೆ ಕೈ ಹಾಕಿದರು.

ಖಾದರಬಾಷಾ ಸಾಹುಕಾರರ ಅಂಗಡಿಗೆ ಜೀಪು ನುಗ್ಗುವ ದೃಶ್ಯ ಕಣ್ಮುಂದೆ ಬಂತು. ದೊಪ್ಪನೆ ನೆಲಕ್ಕೆ ಬಿದ್ದು ಕೂತೆ. ನಂಬರು ಬರೆಯಲು ಹೊರಟಿದ್ದು, ಕೈ ಜಾರಿದ್ದು, ಬೂಟ್ ಪಾಲಿಶ್, ಎಲ್ಲವನ್ನೂ ಒಂದೇ ಉಸಿರಿಗೆ ಕಕ್ಕಿದೆ.

"ಮತ್ತ ನಂಬರ ಯಾಕ ಬರೀಲಿಲ್ಲ?"

"ಜಾಗ ಸಾಲಲಿಲ್ರಿ."

ಅಲ್ಲಾಭಕ್ಷ್ ಫೋನು ಕೆಳಗಿಟ್ಟರು. ಮೀಸೆಯ ಕೆಳಗೆ ನಗು ಒದ್ದಾಡುತ್ತಿತ್ತು. "ಬಚಾವಾದಿ! ಒಂದು ನಂಬರ ಕೆತ್ತಿದ್ರ, ಇಲ್ಲಾ ಇದ್ದ ನಂಬರ ಮುಟ್ಟಿದ್ರ, ಇವತ್ತ ನಿನಗ ಇಲ್ಲೇ ಊಟ. ಹೂವು ನಿನ್ನ ಉಳಿಸೇತಿ. ಮಾಡಿದ್ದನ್ನ ಬರದು ಸಹಿ ಹಾಕು, ಸಾಹೇಬ್ರಿಗೆ ತೋರಸ್ತೀನಿ. ಅಂದಂಗ, ಇದನ್ನ ಅಳಸಾಕ ಬರತೈತೇನು?"

ನಾನು ತಲೆ ತಗ್ಗಿಸಿದೆ. "ಇಲ್ರಿ... ಗ್ಯಾರಂಟಿ ಐತ್ರಿ."

ಠಾಣೆ ಬಿದ್ದು ಬಿದ್ದು ನಕ್ಕಿತು. ಮಾವನೊಬ್ಬರೇ ನಗಲಿಲ್ಲ. ಬಂದೂಕು ಒಪ್ಪಿಸಿಕೊಂಡ ರಸೀದಿ ಅವರ ಕೈಗಿಡುತ್ತ ಅಲ್ಲಾಭಕ್ಷ್ ದನಿ ತಗ್ಗಿಸಿ, ನಾನು ಇಷ್ಟು ವರ್ಷ ಕೇಳಲಾರದ ಪ್ರಶ್ನೆಯನ್ನು ಕೇಳಿಯೇಬಿಟ್ಟರು.

"ಅಜ್ಜ, ಖರೇ ಹೇಳು. ಇಷ್ಟು ವರ್ಷದಾಗ ಈ ಬಂದೂಕಿಗೆ ಎಷ್ಟು ಹಂದಿ ಬಿದ್ದಾವ?"

ಮಾವ ಹೂವನ್ನು ನೋಡಿದರು. ಆಮೇಲೆ ನೆಲದ ಮೇಲೆ ಕೂತಿದ್ದ ನನ್ನನ್ನು ನೋಡಿದರು.

"ಹಂದಿ ಒಂದೂ ಬಿದ್ದಿಲ್ರೀ. ಅವಕ್ಕ ಬುದ್ಧಿ ಐತಿ, ಸಪ್ಪಳ ಕೇಳಿದ್ರ ಓಡಿ ಹೋಗ್ತಾವ. ಬಿದ್ದಾಂವ ಅಂದ್ರ ಇವನೊಬ್ಬನ!"