ಕೊಕ್ಕರೆಕುದ್ರುವಿನ ಗಂಟೆಹಗ್ಗ ಸಂಗ್ರಾಮ

ಎಲೈ ಸಜ್ಜನರೇ, ಕಿವಿಗೊಡಿ! ಘೋರ ಕಲಿಯುಗದಲ್ಲಿ, ಮೇ ತಿಂಗಳ ಕೊನೆಯ ಭಾನುವಾರ, ಎರಡನೇ ಪೂಜೆ ಮುಗಿದ ಮಹಾಮುಹೂರ್ತದಲ್ಲಿ, ಪ್ರವಾಹಭೀತಿನಿವಾರಣಾಸಮಿತಿಯೆಂಬ ವೀರಪರಿಷತ್ತು ಗುಡ್ಡದ ಮೇಲಿನ ಇಗರ್ಜಿಯ ಗಂಟೆಗೋಪುರದ ಬುಡದಲ್ಲಿ ಸೇರಿತು. ನೆರೆ ಬಂದರೆ ಗಂಟೆ ಬಾರಿಸುವುದು, ಗಂಟೆ ಕೇಳಿದವರು ಗುಡ್ಡಕ್ಕೆ ಓಡಿಬರುವುದು. ಯೋಜನೆ ಇಷ್ಟೇ. ಇವತ್ತು ಅದರ ತಾಲೀಮು. ಆದರೆ ಬಾರಿಸುವವರು ಯಾರು? ಅಲ್ಲೇ ಹತ್ತಿತು ನೋಡಿ ಕಿಡಿ!

ಒಂದೆಡೆ ಪ್ರಚಂಡಬಾಹು, ಪೃಥುಲೋದರ, ಮೂರು ತಲೆಮಾರಿನಿಂದ ಗಂಟೆಯ ಹಗ್ಗ ಹಿಡಿದ ವಂಶದ ಕುಡಿ, ಗುಡ್ಡದ ವಾರ್ಡಿನ ಮುಖಂಡ, ಅಂದರೆ ಗುರಿಕಾರ, ಬೊನವೆಂಚರ್. ಇನ್ನೊಂದೆಡೆ ನೌಕಾಚಾಲನಧುರಂಧರ, ನದಿಯ ನಡುಗಡ್ಡೆ ಕೊಕ್ಕರೆಕುದ್ರುವಿನ ಗುರಿಕಾರ ಸೆರಾಫಿನ್. ಹೋದ ವರ್ಷದ ನೆರೆಯಲ್ಲಿ ಇವನ ತಾಯಿ ಅಪೊಲಿನ್ ಬಾಯಿ ಗಂಟೆ ಕೇಳಿಯೂ ಹೊರಡದೆ, ಆರು ಕೋಳಿಗಳೊಂದಿಗೆ ಹಗಲಿಡೀ ಅಟ್ಟದಲ್ಲಿ ಕೂತಿದ್ದರು. ಆ ಹೆದರಿಕೆ ಇನ್ನೂ ಇವನ ಎದೆ ಬಿಟ್ಟಿರಲಿಲ್ಲ.

"ನೀನು ಬಾರಿಸಿದ್ದು ಗಂಟೆಯಾ ಮಾರಾಯ?" ಎಂದು ಸೆರಾಫಿನ್ ಗರ್ಜಿಸಿದ. "ಶಾಲೆ ಬಿಟ್ಟಿತು ಅಂತ ಅಮ್ಮ ಎಣಿಸಿದ್ದು! ಹಗ್ಗ ಕೊಡು ಇಲ್ಲಿ. ಅಮ್ಮ ಗುಡ್ಡ ಹತ್ತುವವರೆಗೆ ನಾನು ಬಿಡುವುದಿಲ್ಲ."

"ನನ್ನ ಅಜ್ಜ ಬಾರಿಸಿದ್ರೆ ಕಡಲಿಗೆ ಹೋದ ಬೋಟು ತಿರುಗಿ ಬರ್ತಿತ್ತು, ಗೊತ್ತುಂಟಾ? ಧೈರ್ಯ ಇದ್ರೆ ಹಗ್ಗ ಮುಟ್ಟಿ ನೋಡು!" ಎಂದ ಬೊನವೆಂಚರ್.

ಮುಟ್ಟಿಯೇಬಿಟ್ಟ. ಆಹಾ, ಅದೆಂಥ ರಣಭಯಂಕರ ರಜ್ಜುಕರ್ಷಣ! ಒಬ್ಬ ಕೆಳಕ್ಕೆಳೆದರೆ ಇನ್ನೊಬ್ಬ ಪಕ್ಕಕ್ಕೆ ಜಗ್ಗಿದ. ಈ ಜಗ್ಗಾಟದಲ್ಲಿ ಗಂಟೆ ಹೊಡೆದದ್ದೇ ಅಪರೂಪ. ಢಣ್... ಬಹಳ ಹೊತ್ತು ಬಿಟ್ಟು ಮತ್ತೊಂದು ಢಣ್...

ಫಾದರ್ ವಲೇರಿಯನ್ ತಲೆಯ ಮೇಲೆ ಕೈಹೊತ್ತರು. "ಅಯ್ಯೋ ದೇವರೇ, ಇದು ಸಾವಿನ ಗಂಟೆ ಅಲ್ವಾ!"

ಹೌದು, ಊರಲ್ಲಿ ಯಾರಾದರೂ ತೀರಿಕೊಂಡರೆ ಬಾರಿಸುವುದು ಹಾಗೆಯೇ. ಅರೆಬರೆ ಊಟ ಬಿಟ್ಟು, ಕ್ರಿಕೆಟ್ ಬಿಟ್ಟು, ಮೇಣದಬತ್ತಿ ಹಿಡಿದು ಜನ ಓಡಿಬಂದರು. ಕುದ್ರುವಿನ ದೋಣಿಗಳೆಲ್ಲ ದಡ ಸೇರಿದವು. ಮೊದಲ ದೋಣಿಯಿಂದ ಕಪ್ಪು ಸೀರೆಯ ಅಪೊಲಿನ್ ಬಾಯಿ ಇಳಿದು, ಏದುಸಿರು ಬಿಡುತ್ತ ಗುಡ್ಡ ಹತ್ತಿದರು.

"ಯಾರು ಮಗಾ ಹೋದದ್ದು?"

ಸೆರಾಫಿನ್ ಹಗ್ಗ ಬಿಟ್ಟು ತಾಯಿಯ ಕೈ ಹಿಡಿದುಕೊಂಡ. ಅವನ ಕಣ್ಣು ತುಂಬಿತ್ತು. "ಯಾರೂ ಇಲ್ಲಮ್ಮಾ. ನೀನು ಬಂದಿಯಲ್ಲ, ಸಾಕು."

"ಯಾರೂ ಸಾಯದೆ ಎಂತಕ್ಕೆ ಕರೆದದ್ದು? ಒಲೆಯ ಮೇಲೆ ಬಂಗುಡೆ ಸಾರು ಉಂಟು! ಹೋಗಿ ಇಬ್ಬರೂ, ಇಳಿಸಿ ಬನ್ನಿ!"

ಫಾದರ್ ಆ ಕ್ಷಣವೇ ಯೋಜನೆಯನ್ನು ತಿದ್ದಿ ಬರೆದರು: "ನೆರೆ ಬಂದರೆ ಸಾವಿನ ಗಂಟೆ ಬಾರಿಸುವುದು. ಸತ್ತವರ ಹೆಸರನ್ನು ಗುಡ್ಡ ಹತ್ತಿದ ಮೇಲೆ ತಿಳಿಸಲಾಗುವುದು."

ಮಹಾವೀರರಿಬ್ಬರೂ ಒಂದೇ ದೋಣಿಯಲ್ಲಿ ಕುದ್ರುವಿಗೆ ದಂಡೆತ್ತಿ ಹೋದರು. ಸಾರು ಆಗಲೇ ತಳ ಹಿಡಿದಿತ್ತು.